ನೀಲಗಂಗಮ್ಮ ಗಂಡನನ್ನು ಹುಡುಕಿದ್ದು

ಕೋಟೆಗೆ ಎಷ್ಟು ಬಾಗಿಲಿರುತ್ತವೆ ಎಂದು ಯಾರಾದರೂ ಕೇಳಿದ್ದರೆ ಹದಿನೆಂಟು ವರ್ಷದ ನೀಲಗಂಗಮ್ಮ ಒಂದು ಎಂದೇ ಹೇಳುತ್ತಿದ್ದಳು. ಅವಳ ತವರುಮನೆಗೆ ಒಂದು ಬಾಗಿಲು, ಕಮಲಾಪುರದಲ್ಲಿದ್ದ ಗಂಡನ ಮನೆಗೆ ಒಂದು ಬಾಗಿಲು, ಊರ ಗುಡಿಗೂ ಒಂದೇ. ಕೋಟೆಯ ಬಾಗಿಲು ಇವಕ್ಕಿಂತ ದೊಡ್ಡದಿರಬಹುದು, ಅಷ್ಟೆ.

ನಿಜಾಮರ ಆಳ್ವಿಕೆಯ ಕಾಲ. ಪ್ಲೇಗು ಬಂದುಹೋಗಿ ಎರಡು ವರ್ಷ ಕಳೆದಿತ್ತು. ನೀಲಗಂಗಮ್ಮನ ಮದುವೆ ಚಿಕ್ಕಂದಿನಲ್ಲೇ ಆಗಿದ್ದರೂ ನಡುವೆ ರೋಗ, ಸಾವು, ಸೂತಕ ಎಂದು ಗಂಡನ ಮನೆಗೆ ಕಳಿಸುವುದು ಮುಂದೆ ಮುಂದೆ ಹೋಗಿ, ಕೊನೆಗೆ ಆ ವರ್ಷದ ಕಾರ್ತಿಕದಲ್ಲಿ ಕಳಿಸಿದ್ದರು. ಬಂದು ಹನ್ನೆರಡು ದಿನವಾಗಿತ್ತು. ಗಂಡ ಅಣವೀರಪ್ಪ ಬೆಳಕು ಹರಿಯುವ ಮೊದಲೇ ಬಾಳೆಯ ತೋಟಕ್ಕೆ ಹೋದರೆ ದೀಪ ಹಚ್ಚಿದ ಮೇಲೆ ಬರುತ್ತಿದ್ದ. ಮನೆಯಲ್ಲಿ ಅತ್ತೆ ಹಣಮಮ್ಮ, ಬಂದುಹೋಗುವ ನೆಂಟರು. ಇವಳ ಸೆರಗು ಹುಬ್ಬಿನ ಮೇಲಿಂದ ಏಳುತ್ತಿರಲಿಲ್ಲ. ಗಂಡನ ಪಾದ ಹೇಗಿವೆ ಎಂದು ಕೇಳಿದರೆ ಹೇಳುತ್ತಿದ್ದಳು, ಮುಖ ಹೇಗಿದೆ ಎಂದರೆ ತಡವರಿಸುತ್ತಿದ್ದಳು.

ಕೆಂಪು ಬಾಳೆಯ ಗೊನೆಗಳನ್ನು ಹಸಿಯಾಗಿಯೇ ಕಲಬುರಗಿಗೆ ಒಯ್ದು ವರ್ತಕರಿಗೆ ಕೊಡುವುದು ಆ ಮನೆಯ ರೂಢಿ. ಆ ಸಲ ಜೊತೆಗೆ ಹೋಗುತ್ತಿದ್ದ ಆಳಿಗೆ ಜ್ವರ. "ಗಾಡಿ ಕಾಯಾಕ ಒಬ್ರು ಬೇಕಲ್ಲ, ನೀಲಾನ್ನ ಕರ್ಕೊಂಡು ಹೋಗು. ಹಂಗೇ ಬಳಿ ಇಡಿಸ್ಕೊಂಡು ಬಾ" ಎಂದಳು ಹಣಮಮ್ಮ ಮಗನಿಗೆ. ಹೀಗೆ ನೀಲಗಂಗಮ್ಮ ಗೊನೆಗಳ ನಡುವೆ ಹುಲ್ಲಿನ ಮೇಲೆ ಹಿಂದಕ್ಕೆ ಮುಖ ಮಾಡಿ ಕುಳಿತು ಹೊರಟಳು. ದಾರಿಯುದ್ದಕ್ಕೂ ಗಂಡನ ಬೆನ್ನು ಇವಳ ಬೆನ್ನಿಗೆ. ತಾಜಸುಲ್ತಾನಪುರದಲ್ಲಿ ಎತ್ತುಗಳಿಗೆ ನೀರು ಕುಡಿಸುವಾಗ ಅವನು ಒಂದು ಮಾತು ಕೇಳಿದ: "ಹಸಿವಾಗ್ಯದೇನು?" ಇವಳು ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಅವನಿಗೆ ತಿಳಿಯಲಿಲ್ಲ, ಮತ್ತೆ ಕೇಳಲೂ ಇಲ್ಲ.

ಕೋಟೆ ಕಂಡಾಗ ನೀಲಗಂಗಮ್ಮ ಮೊದಲ ಬಾರಿಗೆ ಸೆರಗು ಸರಿಸಿ ಕತ್ತೆತ್ತಿದಳು. ಕಂದಕದ ನೀರು, ಅದರಾಚೆ ಕರಿಕಲ್ಲಿನ ಗೋಡೆ, ಅದರ ಹಿಂದೆ ಇನ್ನೂ ಎತ್ತರದ ಇನ್ನೊಂದು ಗೋಡೆ. ಬಾಗಿಲಿನ ಕಮಾನು ಎಷ್ಟು ಎತ್ತರವೆಂದರೆ ಹುಲ್ಲು ಹೇರಿದ ಎರಡು ಗಾಡಿಗಳನ್ನು ಒಂದರ ಮೇಲೊಂದು ನಿಲ್ಲಿಸಿದರೂ ತಾಗದು. ಬಾಗಿಲ ಮುಂದೆ ಸಂತೆಯೇ ನೆರೆದಿತ್ತು: ಎಲೆಯಡಿಕೆಯವರು, ಹೂವಿನವರು, ಕುರಿ ಹಿಡಿದವರು.

ಅಣವೀರಪ್ಪ ಗಾಡಿಯನ್ನು ಬೇವಿನ ಮರದ ಕೆಳಗೆ ಬಿಟ್ಟ. ಕೋಟೆಯೊಳಗಿನ ಒಂದು ದೊಡ್ಡ ಮನೆಯ ಅಡುಗೆಗೆ ಎರಡು ಗೊನೆ ಕೊಡುವುದಿತ್ತು. ಎರಡನ್ನೂ ಹೆಗಲಿಗೇರಿಸಿಕೊಂಡ.

"ಇಲ್ಲೇ ಕೂಡ್ರು. ನಾ ಹಿಂಗ ಹೋಗಿ ಹಿಂಗ ಬರ್ತೀನಿ. ಗಾಡಿ ಬಿಟ್ಟು ಎಲ್ಲೀಗೂ ಹೋಗಬ್ಯಾಡ."

ಅವಳು ಕುಳಿತಳು. ಬಿಸಿಲು ಮರದ ಈ ಕಡೆಯಿಂದ ಆ ಕಡೆಗೆ ಹೋಯಿತು. ಬುತ್ತಿಯ ರೊಟ್ಟಿ ಹಾಗೇ ಒಣಗಿತು. ಹೊರಬರುವ ಪ್ರತಿಯೊಬ್ಬ ಗಂಡಸಿನ ಪಾದ ನೋಡಿದಳು. ಮಧ್ಯಾಹ್ನ ತಿರುಗಿದ ಮೇಲೆ ಧೈರ್ಯ ಮಾಡಿ ಬಾಗಿಲಲ್ಲಿ ನಿಂತ ಸಿಪಾಯಿಯನ್ನು ಕೇಳಿದಳು. ಅವನು ಉರ್ದುವಿನಲ್ಲಿ ಏನೋ ಹೇಳಿ ಗದ್ದದಿಂದ ಒಳಗೆ ತೋರಿಸಿದ. ಎಲೆಯಡಿಕೆಯವನು, "ಹಳದಿ ರುಮಾಲಿನವನೇನವ್ವಾ? ಅವ ಆಗಲೇ ಹೋದ" ಎಂದು ಹೊರಗಿನ ದಾರಿ ತೋರಿಸಿದ. ರುಮಾಲು ಹಳದಿಯೋ ಬಿಳಿಯೋ? ಅವಳಿಗೆ ನೆನಪಾಗಲಿಲ್ಲ. ಬಿಳಿಯೇ ಇರಬೇಕು. ಆದರೆ ನಿನ್ನೆ ಒಗೆದು ಒಣಹಾಕಿದ್ದು ಹಳದಿಯಲ್ಲವೇ?

ಗಾಡಿಯನ್ನು ಎಲೆಯಡಿಕೆಯವನಿಗೆ ನೋಡಲು ಹೇಳಿ ಒಳಗೆ ಹೋದಳು. ಬಾಗಿಲು ದಾಟಿದರೆ ಎದುರಿಗೆ ಗೋಡೆ. ಬಲಕ್ಕೆ ತಿರುಗಿದರೆ ಇನ್ನೊಂದು ಬಾಗಿಲು. ಅದನ್ನು ದಾಟಿ ಎಡಕ್ಕೆ ತಿರುಗಿದರೆ ಕಮಾನುಗಳ ಸಾಲಿನ ಒಂದು ಉದ್ದನೆಯ ಬೀದಿ. ಎಡಗಡೆಗಿದ್ದ ಸೂರ್ಯ ಎಲ್ಲಿಗೆ ಹೋದನೆಂದೇ ತಿಳಿಯಲಿಲ್ಲ. ಒಂದು ಕಮಾನಿನಂತೆಯೇ ಇನ್ನೊಂದು, ಒಂದು ಮನೆಯಂತೆಯೇ ಇನ್ನೊಂದು. ನಡೆದು ನಡೆದು ಕೊನೆಗೆ ಬಾಗಿಲು ಸಿಕ್ಕಿತು, ಹೊರಗೆ ಬಂದಳು. ಬೇವಿನ ಮರವಿಲ್ಲ, ಎಲೆಯಡಿಕೆಯವನಿಲ್ಲ, ಗಾಡಿಯಿಲ್ಲ. ಕಂದಕ ಮಾತ್ರ ಹಾಗೆಯೇ ಇದೆ.

ಗಾಡಿಯನ್ನು ಯಾರೋ ಮರದ ಸಮೇತ ಹೊಡೆದುಕೊಂಡು ಹೋಗಿದ್ದಾರೆ ಎನ್ನುವ ಹುಚ್ಚು ಯೋಚನೆಯೊಂದು ಬಂತು. ಅಲ್ಲೇ ಕುಕ್ಕರಿಸಿ ಅಳತೊಡಗಿದಳು.

ಬಾಗಿಲ ಬದಿಯಲ್ಲಿ ಬಳೆಯ ಮಲಾರ ಬಿಚ್ಚಿಕೊಂಡು ಕುಳಿತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಚಾಂದಬಿ ಎಂದು ಅವಳ ಹೆಸರು. ಮೋಮಿನಪುರದವಳು, ಐವತ್ತರ ಮೇಲಿನ ವಯಸ್ಸು.

"ಯಾಕ ಅಳ್ಲಾಕತ್ತಿ ಬೇಟಿ?"

"ಗಾಡಿ ಇಲ್ಲೇ ಇತ್ರೀ. ಬಾಗಲದ ಮುಂದ."

"ಯಾವ ಬಾಗಲ?"

"ಕೋಟಿ ಬಾಗಲ್ರೀ."

"ಕೋಟಿಗಿ ಎರಡು ದರವಾಜಾ ಅವ ಬೇಟಿ. ನಿಂದು ಆ ಕಡೀದು ಇರಬೇಕು."

ನೀಲಗಂಗಮ್ಮ ಅಳು ನಿಲ್ಲಿಸಿ ಅವಳ ಮುಖವನ್ನೇ ನೋಡಿದಳು. ಎರಡು ಬಾಗಿಲು! ಹಾಗಾದರೆ ಒಂದರಿಂದ ಒಳಗೆ ಹೋದವರು ಇನ್ನೊಂದರಿಂದ ಹೊರಗೆ ಹೋಗಬಹುದು. ಹೋಗಿಬಿಟ್ಟರೆ ಕಾಯುವವರ ಗತಿಯೇನು?

"ನಿನ್ನ ಗಂಡನ ಹೆಸರೇನು?"

ಗಂಡನ ಹೆಸರು ಬಾಯಲ್ಲಿ ಬರಬಾರದು. ನೀಲಗಂಗಮ್ಮ ಸೆರಗು ಕಚ್ಚಿದಳು. ಚಾಂದಬಿ ತಾನೇ ಊಹಿಸತೊಡಗಿದಳು: "ದೌಲಪ್ಪ? ಗುಂಡಣ್ಣ?" ಎಲ್ಲದಕ್ಕೂ ಅಡ್ಡಡ್ಡ ತಲೆಯಾಡಿತು. "ಹೋಗ್ಲಿ, ಹೆಂಗ ಅದಾನ? ಎತ್ತರ ಅದಾನೋ ಗಿಡ್ಡ ಅದಾನೋ? ಮೀಸಿ ಅವ ಇಲ್ಲೋ?"

"ಎಡಗಾಲಿನ ಹೆಬ್ಬೆಟ್ಟಿನ ಉಗುರು ಕರ್ರಗಾಗ್ಯದ್ರೀ."

ಚಾಂದಬಿ ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಮಲಾರ ಕಟ್ಟಿಕೊಂಡು, ಇವಳ ಕೈ ಹಿಡಿದು ಕಂದಕದ ಸುತ್ತ ನಡೆಸಿಕೊಂಡು ಹೋಗಿ ಗಾಡಿ ತೋರಿಸಿದಳು. ಕತ್ತಲಾಗುವುದರೊಳಗೆ ಗಾಜಿಪುರದಲ್ಲಿ ತಾನು ಬಳೆ ಇಡಿಸುವ ಲಿಂಗವಂತರ ಮನೆಯೊಂದರ ಅಂಗಳದಲ್ಲಿ ಗಾಡಿಗೂ ಇವಳಿಗೂ ಜಾಗ ಮಾಡಿಸಿಕೊಟ್ಟಳು.

ಮರುದಿನ ಬೆಳಿಗ್ಗೆ ಸುದ್ದಿ ತಂದವಳೂ ಅವಳೇ. "ನಿನ್ನಿ ಒಬ್ಬ ದೊಡ್ಡ ಸಾಹೇಬನ ಸವಾರಿ ಬೀದರಕ್ಕ ಹೋಗ್ಯದಂತ. ಸಾಮಾನು ಹೊರಾಕ ಜನ ಕಡಿಮಿ ಬಿದ್ದು ಕೋಟಿಯಾಗ ಸಿಕ್ಕವರನ್ನ ಬಿಟ್ಟಿ ಹಿಡ್ದಾರ. ಬಾಳಿಗೊನಿ ಹೊತ್ಕೊಂಡು ಬಂದಾವ ಒಬ್ಬ ಇದ್ನಂತ. ಗೊನಿ ಇಳಿಸಿದ ಕೂಡ್ಲೆ ತಲಿ ಮ್ಯಾಲ ಟ್ರಂಕ್ ಇಟ್ಟು ಆ ದರವಾಜಾದಿಂದ ಹೊರಡ್ಸಿಬಿಟ್ರಂತ."

"ಯಾಕ್ರೀ? ಅವ್ರೇನು ತಪ್ಪು ಮಾಡಿದ್ರು?"

"ಬಿಟ್ಟಿ ಹಿಡಿಯಾಕ ತಪ್ಪು ಮಾಡಬೇಕಂತ ಇಲ್ಲ ಬೇಟಿ."

ಬೀದರಿನ ದಾರಿ ಕಮಲಾಪುರದ ಮೇಲೆಯೇ ಹೋಗುತ್ತದೆ. ಹಾಗಾದರೆ ಗಂಡ ಈಗಾಗಲೇ ಊರು ಮುಟ್ಟಿರಬೇಕು, ತಾನೇ ಹಿಂದೆ ಉಳಿದಿದ್ದೇನೆ ಎಂದು ನೀಲಗಂಗಮ್ಮನಿಗೆ ಒಂದು ಕ್ಷಣ ಸಮಾಧಾನವಾಯಿತು. ಕಮಲಾಪುರದ ಕಡೆಗೆ ಹೊರಟಿದ್ದ ಹತ್ತಿಯ ಗಾಡಿಗಳ ಹಿಂದೆ ತನ್ನ ಗಾಡಿ ಬಿಟ್ಟಳು. ಹಗ್ಗ ಹಿಡಿದದ್ದು ಅದೇ ಮೊದಲು. ಎತ್ತುಗಳಿಗೆ ದಾರಿ ಗೊತ್ತಿದ್ದುದರಿಂದ ಅವಳು ಓಡಿಸುತ್ತಿದ್ದಾಳೆಂದು ಬೇರೆಯವರಿಗೆ ಅನಿಸುತ್ತಿತ್ತು, ಅಷ್ಟೆ.

ಊರಲ್ಲಿ ಹಣಮಮ್ಮ ಓಡಿ ಬಂದಳು. "ಅಂವ ಎಲ್ಲಿ?"

"ಮನಿಗಿ ಬಂದಿಲ್ಲೇನ್ರಿ ಅತ್ತಿ?"

"ಮನಿಗಿ ಬರೋದೇನು? ನಿನ್ನ ಕೂಡ ಅಲ್ಲೇನು ಹೋಗಿದ್ದು!"

ಆಗ ನೆರೆಮನೆಯ ಮರೆಪ್ಪ ಬಾಯಿ ಬಿಟ್ಟ. ಅಂದೇ ನಸುಕಿನಲ್ಲಿ ಸವಾರಿ ಊರ ಹೊರಗೆ ಹಾದುಹೋದಾಗ ಅವನು ಬಯಲಿಗೆ ಹೋಗಿದ್ದನಂತೆ. ಅಣವೀರಪ್ಪ ಟ್ರಂಕು ಹೊತ್ತು ಸಿಪಾಯಿಗಳ ನಡುವೆ ನಡೆಯುವುದನ್ನು ಕಂಡನಂತೆ.

"ಕಂಡು ಸುಮ್ಮನಿದ್ದೇನೋ ಮರೆಪ್ಪ?" ಹಣಮಮ್ಮ ಚೀರಿದಳು.

"ಸರ್ಕಾರಿ ನೌಕ್ರಿ ಸಿಕ್ಕದ ಅಂದ್ಕೊಂಡ್ನವ್ವ. ಏನೋ ಒದರ್ದ, ನನಗ ಕೇಳ್ಸಲಿಲ್ಲ. ನಾನೂ ಕೈ ಎತ್ತಿ ಶರಣು ಮಾಡ್ದೆ."

ಕಟ್ಟೆಯ ಮೇಲೆ ಕುಳಿತ ಹಿರಿಯರಲ್ಲಿ ಒಬ್ಬ ಅರ್ಜಿ ಬರೆಯೋಣ ಎಂದ, ಇನ್ನೊಬ್ಬ ತಾನಾಗಿಯೇ ಬರುತ್ತಾನೆ ಎಂದ, ಮತ್ತೊಬ್ಬ ಸೊಸೆಯ ಕಾಲ್ಗುಣದ ಮಾತೆತ್ತಿದ. ಆ ಮಾತು ಕೇಳಿದ್ದೇ ಹಣಮಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ನೀವು ಇಲ್ಲೇ ಕೂತು ಮಾತಾಡ್ರಿ" ಎಂದು ಗಾಡಿ ಏರಿದಳು. "ನೀಲಾ, ಹೊಡಿ."

"ಅತ್ತಿ, ಗೊನಿ ಇಳಿಸಲ್ರಿ?"

"ಇರ್ಲಿ. ದಾರಿಯಾಗ ಹಣ್ಣಾದ್ರ ನಾವು ತಿನ್ನೋಣು, ಎತ್ತು ತಿನ್ಲಿ."

ಮೂರು ದಿನ ಗಾಡಿ ನಡೆಯಿತು. ದಾರಿಯಲ್ಲಿ ಕೇಳಿದವರೆಲ್ಲ ಸವಾರಿ ಕಂಡಿದ್ದರು, ಆದರೆ ಒಬ್ಬೊಬ್ಬರು ಒಂದೊಂದು ಕಂಡಿದ್ದರು. ಹುಮನಾಬಾದಿನಲ್ಲಿ ಒಬ್ಬ ಟ್ರಂಕು ಹೊತ್ತವನು ಕುಂಟುತ್ತಿದ್ದ ಎಂದ. ಮುಂದಿನ ಊರಲ್ಲಿ ಟ್ರಂಕೇ ಇರಲಿಲ್ಲ, ಮೇನೆ ಹೊತ್ತಿದ್ದ ಎಂದರು. ಇನ್ನೊಂದು ಕಡೆ ಅವನು ಹಾಡುತ್ತಾ ಹೋಗುತ್ತಿದ್ದನಂತೆ. "ನನ್ನ ಮಗ ಹುಟ್ಟಿದಾಗಿನಿಂದ ಹಾಡಿಲ್ಲ" ಎಂದು ಹಣಮಮ್ಮ ಸಿಟ್ಟಾದಳು. ಕುಂಟುವ, ಹಾಡುವ, ಮೇನೆ ಹೊರುವ, ಹಳದಿ ರುಮಾಲಿನ ಆ ಮನುಷ್ಯ ನೀಲಗಂಗಮ್ಮನ ತಲೆಯಲ್ಲಿ ದಿನಕ್ಕೊಂದು ರೂಪ ತಾಳುತ್ತಿದ್ದ. ಗೊನೆಗಳೂ ಒಂದೊಂದಾಗಿ ಕೆಂಪೇರುತ್ತಿದ್ದವು.

ಬೀದರಿನ ಶಾಹಗಂಜ್ ದರವಾಜಾದ ಮುಂದೆ ನಿಂತಾಗ ನೀಲಗಂಗಮ್ಮ ಮೊದಲು ಕೇಳಿದ್ದು ಒಂದೇ ಮಾತು. "ಈ ಊರಿಗಿ ಎಷ್ಟು ದರವಾಜಾ ಅವ್ರೀ?" ಕಾವಲಿನವನು ಬೆರಳು ಮಡಚುತ್ತ ಹೆಸರು ಹೇಳುತ್ತ ಹೋದ. ಐದಾಗುವಷ್ಟರಲ್ಲಿ ಅವಳ ಕಿವಿ ಮುಚ್ಚಿಹೋಯಿತು.

ಸವಾರಿ ಹಿಂದಿನ ದಿನವೇ ಬಂದು ಮುಟ್ಟಿತ್ತು. ಹೊತ್ತವರನ್ನೆಲ್ಲ ಅಲ್ಲಿಯೇ ಬಿಟ್ಟುಬಿಟ್ಟಿದ್ದರು. ಬಿಟ್ಟ ಮೇಲೆ ಯಾರು ಯಾವ ಕಡೆಗೆ ಹೋದರೋ ಯಾರು ನೋಡಿದ್ದಾರೆ?

"ಬಂದ ದಾರೀಲೇ ಹೋಗ್ತಾನ. ನಾ ಈ ಬಾಗಲ ಬಿಟ್ಟು ಏಳಂಗಿಲ್ಲ" ಎಂದು ಹಣಮಮ್ಮ ಶಾಹಗಂಜ್ ದರವಾಜಾದ ಕಟ್ಟೆಯ ಮೇಲೆ ಕುಳಿತೇಬಿಟ್ಟಳು.

ಆದರೆ ನೀಲಗಂಗಮ್ಮ ಬೇರೆ ಯೋಚಿಸಿದಳು. ಕಲಬುರಗಿಯಲ್ಲಿ ತಾನು ಒಂದು ಬಾಗಿಲು ಹಿಡಿದು ಕುಳಿತದ್ದಕ್ಕೇ ಅಲ್ಲವೇ ಇದೆಲ್ಲ ಆದದ್ದು? ಊರ ನಡುವೆ ಚೌಬಾರಾ ಎಂಬ ದುಂಡನೆಯ ಎತ್ತರದ ಗೋಪುರವಿದೆ, ಅಲ್ಲಿಂದ ನಾಲ್ಕೂ ಕಡೆಗೆ ಬೀದಿಗಳು ಹೋಗುತ್ತವೆ, ಯಾವ ಬಾಗಿಲಿಂದ ಬಂದವರೂ ಅಲ್ಲಿ ಹಾಯಲೇಬೇಕು ಎಂದು ಯಾರೋ ಹೇಳಿದರು. ಗಾಡಿಯನ್ನು ಅಲ್ಲಿಗೇ ಹೊಡೆದಳು. ಗೋಪುರದ ನೆರಳಿನಲ್ಲಿ ಬಿದರಿ ಕೆಲಸದ ಅಂಗಡಿಯೊಂದರ ಪಕ್ಕ ನಿಲ್ಲಿಸಿದಳು. ಅಂಗಡಿಯ ಮುದುಕ ಖಮರುದ್ದೀನ್ ಕರಿಯ ಹೂಜಿಯೊಂದರ ಮೇಲೆ ಬೆಳ್ಳಿಯ ಎಳೆ ಕೂರಿಸುತ್ತಿದ್ದ. ತಲೆಯೆತ್ತಿ ನೋಡಿ ಮತ್ತೆ ತಗ್ಗಿಸಿದ.

ಕುಳಿತವಳನ್ನು ಜನ ಹಣ್ಣು ಮಾರಲು ಬಂದವಳೆಂದೇ ತಿಳಿದರು. ಕೆಂಪು ಬಾಳೆ ಕಂಡು ಕೈ ಚಾಚಿದರು. ಅವಳೂ ಕೊಟ್ಟಳು. ಕೊಡುವಾಗ ಸೆರಗು ಅಡ್ಡ ಬರುತ್ತಿತ್ತು. ಎರಡನೆಯ ದಿನ ಅದನ್ನು ಹಿಂದಕ್ಕೆ ಎಸೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಸಾವಿರ ಪಾದಗಳು ಕಣ್ಣ ಮುಂದೆ ಹಾದುಹೋಗಿ, ಕರಿಯ ಉಗುರು ಎಡಗಾಲಿನದೋ ಬಲಗಾಲಿನದೋ ಎಂಬುದೂ ಅವಳಿಗೆ ಅನುಮಾನವಾಗತೊಡಗಿತು. ಹೀಗೇ ಕುಳಿತರೆ ಅವನು ಎದುರಿಗೇ ಹಾದುಹೋದರೂ ತಿಳಿಯುವುದಿಲ್ಲ ಎನಿಸಿತು.

ಅವಳು ಗಾಡಿಯ ಮೂಕಿಯ ಮೇಲೆ ಹತ್ತಿ ನಿಂತಳು. ಕಣ್ಣು ಮುಚ್ಚಿದಳು. ತಪ್ಪಾಯಿತು ಎಂದು ಮನಸ್ಸಿನಲ್ಲಿ ಕೊರಳ ಲಿಂಗಕ್ಕೆ ಹೇಳಿಕೊಂಡು, ಹೊಟ್ಟೆಯೊಳಗಿಂದ ಕೂಗಿದಳು: "ಅಣವೀರಪ್ಪಾ!"

ಕೂಗಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಇಬ್ಬರು ಬಂದರು. ಒಬ್ಬ ಗಾಣದವನು, ಅರವತ್ತು ದಾಟಿದವನು. ಇನ್ನೊಬ್ಬ ಭಾಲ್ಕಿಯ ಕಡೆಯ ಕುರಿ ವ್ಯಾಪಾರಿ. "ಕರ್ದೇನವ್ವಾ?" ಎಂದು ಇಬ್ಬರೂ ಎದುರಿಗೆ ನಿಂತರು. ಇಬ್ಬರ ಪಾದವನ್ನೂ ನೋಡಿದಳು. "ನೀವಲ್ರೀ" ಎಂದಳು. ಗಾಣದವನು ಎರಡು ಹಣ್ಣು ಕೊಂಡು ಹೋದ.

ಸಂಜೆಗೆ ಇನ್ನೂ ಹೊತ್ತಿತ್ತು. ಗಡ್ಡ ಬಿಟ್ಟ, ತಲೆಗೆ ರುಮಾಲೇ ಇಲ್ಲದ, ಮೊಣಕಾಲಿನವರೆಗೆ ಧೂಳು ಮೆತ್ತಿದ ಒಬ್ಬ ಬಂದು ಗಾಡಿಯ ಮುಂದೆ ನಿಂತ. ಹಣ್ಣಿನ ಕಡೆ ನೋಡಲಿಲ್ಲ, ಎತ್ತುಗಳನ್ನು ನೋಡಿದ.

"ಈ ಎತ್ತು ಯಾರ್ವು?"

"ನಮ್ವು."

"ನಿಮ್ವು ಅಂದ್ರ?"

"ನಮ್ವು ಅಂದ್ರ ನಮ್ವು. ಹಣ್ಣು ಬೇಕಾದ್ರ ತಗೋ, ಇಲ್ಲಂದ್ರ ಮುಂದ ನಡಿ."

"ಬಲಗಡೀದರ ಕೋಡು ಮುರದದ. ಹೋದ ವರ್ಷ ಬಾವಿ ಕಟ್ಟಿಗಿ ಹಾಯ್ದು ಮುರ್ಕೊಂಡದ್ದು. ನಮ್ಮ ಎತ್ತು ಇವು! ಎಲ್ಲಿಂದ ಕದ್ದು ತಂದಿ?"

ನೀಲಗಂಗಮ್ಮನಿಗೆ ಮೈ ಉರಿಯಿತು. ಆರೇಳು ದಿನದ ಅಳು, ಹಸಿವು, ನಿದ್ದೆಗೇಡು ಎಲ್ಲ ನಾಲಗೆಗೆ ಬಂತು. "ನಾ ಕಳ್ಳಿ? ಗಂಡನ್ನ ಹುಡ್ಕಾಕ ಬಂದಾಕೀಗಿ ಕಳ್ಳಿ ಅಂತೀ? ಹಗ್ಗಕ್ಕ ಕೈ ಹಚ್ಚಿ ನೋಡು!" ಬಾರುಕೋಲು ಕೈಗೆತ್ತಿಕೊಂಡಳು. ಜನ ಸೇರಿದರು. ಯಾರೋ ಕೋತ್ವಾಲಿಗೆ ಹೇಳಿಕಳಿಸಿ ಎಂದರು.

ಖಮರುದ್ದೀನ್ ಹೂಜಿ ಕೆಳಗಿಟ್ಟು ಎದ್ದು ಬಂದ. "ಸಬರ್, ಸಬರ್. ಏನಪಾ, ನಿನ್ನ ಹೆಸರೇನು?"

"ಅಣವೀರಪ್ಪ."

ಜನರೆಲ್ಲ ಘೊಳ್ಳೆಂದು ನಕ್ಕರು. ಮಧ್ಯಾಹ್ನದ ಕೂಗು ಚೌಬಾರಾದಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನೀಲಗಂಗಮ್ಮ ನಗಲಿಲ್ಲ. "ಇವತ್ತ ಈ ಊರಾಗ ಎಲ್ಲಾರೂ ಅಣವೀರಪ್ಪನ ಆಗ್ಯಾರ" ಎಂದಳು.

"ಯಾವೂರು?"

"ಕಮಲಾಪುರ."

"ಈ ಹೆಣ್ಣಮಗಳನ್ನ ನೋಡು. ಗುರ್ತು ಅದ ಏನು?"

ಅವನು ನೋಡಿದ. ಬಿಸಿಲಿಗೆ ಕಪ್ಪಾದ ಮುಖ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಬಾರುಕೋಲು. "ಇಲ್ಲ" ಎಂದ. ಆಮೇಲೆ, "ನನ್ನ ಹೇಣ್ತಿ ಕಲಬುರ್ಗಿ ಕೋಟಿ ಬಾಗಲದಾಗ ಕುಂತಾಳ್ರೀ. ಬಿಟ್ಟು ಎಲ್ಲೀಗೂ ಹೋಗಬ್ಯಾಡ ಅಂದೀನಿ. ಆಕಿ ಬಾಳ ಸಂಭಾವಿತಾಕಿ, ತಲಿ ಎತ್ತಿ ನೋಡಾಕಿ ಅಲ್ಲ. ಇನ್ನೂ ಅಲ್ಲೇ ಇರ್ತಾಳ್ರೀ" ಎಂದ.

"ಆಕಿ ಹೆಸರು?"

"ಅವ್ವ ನೀಲಾ ಅಂತಾಳ್ರೀ. ಪೂರಾ ಹೆಸರು..." ಎಂದು ತಲೆ ಕೆರೆದುಕೊಂಡ. "ನೀಲವ್ವನೋ, ಗಂಗವ್ವನೋ. ಹನ್ನೆರಡು ದಿನ ಆಗಿತ್ತು, ಅಷ್ಟ."

ನೀಲಗಂಗಮ್ಮನ ಕೈಯಿಂದ ಬಾರುಕೋಲು ಜಾರಿತು. ಧೂಳಿನ ಕೆಳಗೆ ಉಗುರು ಯಾವ ಬಣ್ಣದ್ದೆಂದು ಕಾಣುತ್ತಿರಲಿಲ್ಲ. ನಂಬಬೇಕೋ ಬೇಡವೋ? ನಂಬಿ ಇವನು ಬೇರೆಯವನಾದರೆ? ನಂಬದೆ ಇವನೇ ಅವನಾದರೆ? ಕಳ್ಳಿ ಎಂದು ಬೈದವನಿಗೆ ಬಾರುಕೋಲು ಎತ್ತಿದ್ದೇನಲ್ಲ ಎಂದು ಒಂದು ಕಡೆ, ಬೈದದ್ದು ಅವನಲ್ಲವೇ ಎಂದು ಇನ್ನೊಂದು ಕಡೆ. ಸೆರಗು ಎಳೆದುಕೊಳ್ಳಲೆಂದು ಕೈ ಎತ್ತಿದಳು, ಅರ್ಧಕ್ಕೆ ನಿಲ್ಲಿಸಿದಳು.

ಗಲಾಟೆ ಕೇಳಿ ಯಾರೋ ಶಾಹಗಂಜಿನ ಕಟ್ಟೆಯ ಮೇಲಿದ್ದ ಹಣಮಮ್ಮನಿಗೆ ನಿಮ್ಮ ಗಾಡಿಯ ಹತ್ತಿರ ಹೊಡೆದಾಟ ನಡೆದಿದೆ ಎಂದಿದ್ದರು. ಅವಳು ಏದುಸಿರು ಬಿಡುತ್ತ ಜನರನ್ನು ಸರಿಸಿ ಬಂದಳು. ಮಗನನ್ನು ನೋಡಿದಳು, ಸೊಸೆಯನ್ನು ನೋಡಿದಳು, ಕೆಳಗೆ ಬಿದ್ದ ಬಾರುಕೋಲು ನೋಡಿದಳು.

"ಏನೋ ಇದು? ಗಂಡ ಹೇಣ್ತಿ ಜಗಳಾ ಆಡಾಕ ಬೀದರದ ತನಕ ಬರಬೇಕಿತ್ತೇನು?"

ಈ ಸಲ ಜನ ನಕ್ಕಾಗ ಅಣವೀರಪ್ಪ ತಾಯಿಯ ಹೆಗಲ ಮೇಲೆ ಮುಖ ಇಟ್ಟು ಅತ್ತುಬಿಟ್ಟ.

ಆದದ್ದು ಇಷ್ಟು. ಅವನನ್ನು ಬಿಟ್ಟಾಗ ಬೇರೆ ಬಾಗಿಲಿಂದ ಹೊರಬಿದ್ದಿದ್ದ. ಅದು ಫತೇ ದರವಾಜಾ. ಎದುರಿಗೆ ಕಂಡ ದಾರಿಯೇ ಮನೆಯ ದಾರಿ ಎಂದು ಒಂದು ದಿನವೆಲ್ಲ ಹೈದರಾಬಾದಿನ ದಿಕ್ಕಿಗೆ ನಡೆದಿದ್ದ. ಊರುಗಳ ಹೆಸರು ಒಂದೂ ಗುರುತು ಹತ್ತದೆ, ಜನ ತೆಲುಗು ಮಾತಾಡತೊಡಗಿದಾಗ ಎಚ್ಚರವಾಗಿ ತಿರುಗಿ ಬಂದಿದ್ದ. ಕಲಬುರಗಿ ಕೋಟೆಯಲ್ಲಿ ಹಿಡಿದವರಿಗೆ "ಹೇಣ್ತಿ ಬಾಗಲದಾಗ ಕುಂತಾಳ್ರೀ" ಎಂದು ಕೈ ಮುಗಿದು ಹೇಳಿದ್ದನಂತೆ. "ಬಾಗಲದಿಂದಲೇ ಹೊಂಟೀವಿ ನಡಿ" ಎಂದರಂತೆ. ಹೊರಗೆ ಬಂದು ನೋಡಿದರೆ ಮರವೂ ಇಲ್ಲ, ಗಾಡಿಯೂ ಇಲ್ಲ.

ತಿರುಗಿ ಬರುವಾಗ ಹಗ್ಗ ಅಣವೀರಪ್ಪನ ಕೈಯಲ್ಲಿತ್ತು. ಹಣಮಮ್ಮ ಹುಲ್ಲಿನ ಮೇಲೆ ಮಲಗಿದ್ದಳು. ನೀಲಗಂಗಮ್ಮ ಎಲ್ಲಿ ಕುಳಿತುಕೊಳ್ಳಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮುಂದಕ್ಕೆ ಮುಖ ಮಾಡಿ ಅವನ ಪಕ್ಕದಲ್ಲೇ ಕುಳಿತಳು. ಹಳ್ಳವೊಂದು ಬಂತು. ಅವನು ಹಗ್ಗ ಎಳೆದ ರೀತಿ ಸರಿಯಿಲ್ಲ ಎನಿಸಿತು.

"ಎಡಗಡೀದು ನೀರಿಗಿ ಹೆದರ್ತದ. ಸಡ್ಲ ಬಿಡ್ರಿ."

"ನನ್ನ ಎತ್ತಿನ ಸ್ವಭಾವ ನನಗ ಹೇಳ್ತಿ?"

"ನಾಕು ದಿನ ನಾನೇ ಹೊಡ್ದೀನಿ."

ಅವನು ಸಡಿಲ ಬಿಟ್ಟ. ಎತ್ತು ನೀರಿಗಿಳಿಯಿತು.

ಅಣವೀರಪ್ಪ ಆಮೇಲೆ ಕೋಟೆಯಿರುವ ಯಾವ ಊರಿಗೂ ಕಾಲಿಡಲಿಲ್ಲ. ಕಂದಕ ಕಂಡರೆ ನೆತ್ತಿಯ ಮೇಲೆ ಭಾರ ಇಟ್ಟಂತಾಗುತ್ತದೆ ಎನ್ನುತ್ತಿದ್ದ. ತೋಟ ನೋಡಿಕೊಂಡ, ಒಳ್ಳೆಯ ಬಾಳೆ ಬೆಳೆದ. ಹಣ್ಣು ಒಯ್ಯುವ ಕೆಲಸ ನೀಲಗಂಗಮ್ಮನ ಪಾಲಿಗೆ ಬಂತು. ಮೊದಲ ವರ್ಷ ಊರವರು ಬಾಯಿಗೆ ಬಂದಂತೆ ಆಡಿಕೊಂಡರು, ಎರಡನೆಯ ವರ್ಷ ತಮ್ಮ ಗೊನೆಗಳನ್ನೂ ಅವಳ ಗಾಡಿಗೆ ಹೇರಿದರು. ಮೂವತ್ತು ವರ್ಷ ಕಲಬುರಗಿ, ಹುಮನಾಬಾದು, ಬೀದರ್ ಎಂದು ತಿರುಗಿದಳು. ಉರ್ದು ಕಲಿತಳು, ಅರ್ಧ ತೆಲುಗು ಕಲಿತಳು. ಆದರೂ ಕೋಟೆಯ ಬಾಗಿಲೊಳಗಿನ ಆ ತಿರುವುಗಳಲ್ಲಿ ಪ್ರತಿಸಲವೂ ಅವಳಿಗೆ ದಿಕ್ಕು ತಪ್ಪುತ್ತಿತ್ತು. ನಿಂತು, ಉಸಿರು ಬಿಟ್ಟು, ಯಾರನ್ನಾದರೂ ಕೇಳಿ ಮುಂದೆ ಹೋಗುತ್ತಿದ್ದಳು. ಅದಕ್ಕೆ ನಾಚಿಕೆ ಪಟ್ಟವಳಲ್ಲ.

ಹಣಮಮ್ಮನಿಗೆ ಮಾತ್ರ ಬೀದರಿನ ಪೇಟೆಯ ರುಚಿ ಹತ್ತಿಬಿಟ್ಟಿತ್ತು. ಎರಡು ದಿನ ದರವಾಜಾದ ಕಟ್ಟೆಯ ಮೇಲೆ ಕುಳಿತು ಆನೆ, ಒಂಟೆ, ಅರಬರು, ಬೈರಾಗಿಗಳು ಎಲ್ಲರನ್ನೂ ನೋಡಿದ್ದಳಲ್ಲ. ಸುಗ್ಗಿ ಮುಗಿದು ಗೊನೆ ಕಡಿಯುವ ಹೊತ್ತಿಗೆ ಸೀರೆ ಗಂಟು ಕಟ್ಟಿಕೊಂಡು ಪಡಸಾಲೆಯಲ್ಲಿ ಕುಳಿತುಬಿಡುತ್ತಿದ್ದಳು. "ನೀಲಾ, ಈ ಸಲ ನಾನೂ ಬರ್ತೀನಿ. ಯಾರನ್ನಾದ್ರೂ ಹುಡ್ಕೋದಿದ್ರ ಹೇಳು" ಎನ್ನುತ್ತಿದ್ದಳು. ಅಣವೀರಪ್ಪ ಗುದ್ದಲಿ ಎತ್ತಿಕೊಂಡು ತೋಟದ ಕಡೆಗೆ ನಡೆದುಬಿಡುತ್ತಿದ್ದ.